ಗಾಂಜಾ ಕೇಸಿನವನಿಗೂ ಅಪೀಲು ಉಂಟು

“ಕಳ್ಳತನದ ಕೇಸಾದರೆ ಬಿಡಿಸಿಕೊಂಡು ಬರಬಹುದು, ಹೊಡೆದಾಟದ ಕೇಸಾದರೂ ಬಿಡಿಸಿಕೊಂಡು ಬರಬಹುದು, ಗಾಂಜಾ ಕೇಸೆಂದರೆ ಮುಗಿದ ಹಾಗೆ.” ಮಿಲ್ಲಿನ ಗೇಟಿನಲ್ಲಿ, ಮಂಡಿಪೇಟೆಯ ಚಹದಂಗಡಿಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳಿ, ಹೌದೆಂದು ತಲೆಯಾಡಿಸಿದ್ದೂ ಉಂಟು. ಹಾಗೆ ತಲೆಯಾಡಿಸಿದ್ದು ತಪ್ಪೆಂದು ಹೋದ ತಿಂಗಳು ನನಗೆ ಗೊತ್ತಾಯಿತು. ಅದನ್ನು ಓದುಗ ಬಂಧುಗಳ ಮುಂದೆ ಇಡಬೇಕೆಂದು ಈ ಲೇಖನ.

ಹೋದ ತಿಂಗಳು ಒಂದು ಸಂಜೆ, ಕಚೇರಿಯ ದೀಪ ಹಚ್ಚುವ ಹೊತ್ತಿಗೆ, ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ಮೂಟೆ ಹೊತ್ತ ಒಬ್ಬ ಹಮಾಲರು ಬಂದು ಬಾಗಿಲ ಬಳಿ ನಿಂತರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಪಡಿತರ ಚೀಟಿ, ವಕೀಲರಿಗೆ ಹಣ ಕೊಟ್ಟ ಲೆಕ್ಕ ಬರೆದ ಒಂದು ಹಾಳೆ, ಮತ್ತು ಇಪ್ಪತ್ತೆಂಟು ಪುಟದ ಒಂದು ತೀರ್ಪು. “ಮೇಷ್ಟ್ರೇ, ಇದರಲ್ಲಿ ಏನು ಬರೆದಿದ್ದಾರೆ ಓದಿ ಹೇಳ್ತೀರಾ?” ಎಂದರು. ತೀರ್ಪು ಇಂಗ್ಲಿಷಿನಲ್ಲಿತ್ತು. ನನ್ನ ಓದು ಮೆಟ್ರಿಕ್ಕಿನದು. ನಿಘಂಟು ಪಕ್ಕದಲ್ಲಿಟ್ಟುಕೊಂಡು ರಾತ್ರಿ ಹನ್ನೊಂದರವರೆಗೆ ಓದಿದೆ.

ಅವರ ಮಗನಿಗೆ ಇಪ್ಪತ್ತೊಂದು ವರ್ಷ. ಬಸ್ ನಿಲ್ದಾಣದಲ್ಲಿ ಅವನ ಪಕ್ಕದಲ್ಲಿದ್ದ ಚೀಲದಲ್ಲಿ ಆರೂವರೆ ಕಿಲೋ ಗಾಂಜಾ ಸಿಕ್ಕಿತೆಂದು ಕೇಸು. ಜಾಮೀನಿಗೆ ಆಸ್ತಿ ತೋರಿಸುವವರು ಸಿಗಲಿಲ್ಲವಾಗಿ ವಿಚಾರಣೆಯ ಕಾಲವನ್ನೆಲ್ಲ ಸೆರೆಮನೆಯಲ್ಲೇ ಕಳೆದ. ಐದು ವರ್ಷದ ಕಠಿಣ ಸಜೆ, ಐವತ್ತು ಸಾವಿರ ರೂಪಾಯಿ ದಂಡ. ದಂಡ ಕಟ್ಟದಿದ್ದರೆ ಮತ್ತೆ ಆರು ತಿಂಗಳು. ತೀರ್ಪಿನ ತಾರೀಖು ನೋಡಿ ಬೆರಳು ಮಡಿಸಿ ಎಣಿಸಿದೆ. ಆ ದಿನಕ್ಕೆ ಎಪ್ಪತ್ತನಾಲ್ಕು ದಿನ ಆಗಿತ್ತು. ಹೈಕೋರ್ಟಿಗೆ ಅಪೀಲು ಹಾಕಲು ಕಾನೂನು ಕೊಡುವ ಅವಧಿ ಅರವತ್ತು ದಿನ.

“ಯಜಮಾನರೇ, ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ?” ಎಂದು ಕೇಳಿದೆ. ಅವರು ತಲೆ ತಗ್ಗಿಸಿದರು. “ಯಾರ ಹತ್ರ ಹೇಳಲಿ ಮೇಷ್ಟ್ರೇ? ಗಾಂಜಾ ಅಂದ ಕೂಡಲೇ ಜನ ಎದ್ದು ಹೋಗ್ತಾರೆ. ಕೋರ್ಟಿನ ಹತ್ರ ಒಬ್ಬ, ಮೇಲಿನ ಕೋರ್ಟಿಗೆ ಹೋದರೆ ಶಿಕ್ಷೆ ಹತ್ತು ವರ್ಷ ಆಗ್ತದೆ, ತೆಪ್ಪಗಿರು ಅಂದ. ಸಂಘದವರೂ ಈ ಕೇಸು ನಮಗೆ ಬೇಡ ಅಂದ್ರು.”

ನಾನು ಅವರಿಗೆ ಕೇಳಿದ ಎರಡನೆಯ ಪ್ರಶ್ನೆಯನ್ನೂ ಮುಚ್ಚಿಡದೆ ಬರೆಯುತ್ತೇನೆ. “ಚೀಲ ಅವನದೇನಾ?” ಎಂದು ಕೇಳಿದೆ. ಕೇಳಿದ ಮೇಲೆ ನಾಚಿಕೆಯಾಯಿತು. ನಾನು ನ್ಯಾಯಾಧೀಶನೇ? ಹಗಲೆಲ್ಲ ಮೂಟೆ ಹೊತ್ತು ಬಂದ ತಂದೆ ನನ್ನಲ್ಲಿ ಕೇಳಲು ಬಂದದ್ದು ಮಗನ ಗುಣಶೀಲದ ಸರ್ಟಿಫಿಕೇಟನ್ನಲ್ಲ. ಕಾನೂನಿನಲ್ಲಿ ಇನ್ನೊಂದು ಬಾಗಿಲು ಇದೆಯೇ ಎಂದು ಕೇಳಲು ಬಂದಿದ್ದರು. ಇದೆ. ಆ ಬಾಗಿಲು ಎಲ್ಲಿದೆ, ಹೇಗೆ ತಟ್ಟಬೇಕು ಎಂಬುದನ್ನು ದುಡಿಯುವ ಜನ ತಿಳಿದಿರಬೇಕು.

ಮೊದಲೇ ಒಂದು ಮಾತು

ಇದನ್ನು ಓದಿ, “ಮೇಷ್ಟ್ರು ಗಾಂಜಾ ಮಾರುವವರ ಪರ ವಕಾಲತ್ತು ಹಿಡಿದರು” ಎನ್ನುವವರು ಇರಬಹುದು. ಪಾಠ ಹೇಳುತ್ತಿದ್ದ ಕಾಲದಲ್ಲಿ ಈ ಚಟಕ್ಕೆ ಬಿದ್ದ ಇಬ್ಬರು ಹುಡುಗರು ನನ್ನ ಕಣ್ಣ ಮುಂದೆಯೇ ಹಾಳಾದರು. ರಾತ್ರಿ ಪಾಳಿಯ ಆಯಾಸ ಮರೆಯಲು ಸೇದಲು ಶುರುಮಾಡಿ ಸಂಬಳವನ್ನೆಲ್ಲ ಸುಟ್ಟವರನ್ನು ನೀವೂ ಕಂಡಿದ್ದೀರಿ. ಬೀಡಾ ಅಂಗಡಿಯ ವ್ಯಾಪಾರಿ ಬಂಧುಗಳು ತಮ್ಮ ಮಕ್ಕಳ ವಿಷಯದಲ್ಲಿ ಹೆದರುವುದು ನ್ಯಾಯವಾಗಿಯೇ ಇದೆ. ಈ ವ್ಯಾಪಾರ ಕೆಟ್ಟದ್ದು. ಅದರಲ್ಲಿ ಎರಡು ಮಾತಿಲ್ಲ.

ಆದರೆ ಈ ವ್ಯಾಪಾರದಲ್ಲಿ ಸಿಕ್ಕಿಬೀಳುವವರು ಯಾರು? ಚೀಲ ಹೊರುವವನು, ಆಟೋ ಓಡಿಸುವವನು, ಗೋದಾಮು ಬಾಡಿಗೆಗೆ ಕೊಟ್ಟವನು. ಹಣ ಹೂಡಿದವನು ಬಸ್ ನಿಲ್ದಾಣಕ್ಕೆ ಬರುವುದಿಲ್ಲ. ಅಫೀಮಿನ ವ್ಯಾಪಾರವನ್ನು ನಮ್ಮ ದೇಶದಲ್ಲಿ ಏಕಸ್ವಾಮ್ಯ ಮಾಡಿಕೊಂಡು ಹರಾಜು ಹಾಕಿ ಖಜಾನೆ ತುಂಬಿಕೊಂಡದ್ದು ಈಸ್ಟ್ ಇಂಡಿಯಾ ಕಂಪನಿ. ಗಾಜೀಪುರದ ಅಫೀಮು ಕಾರ್ಖಾನೆ ೧೮೨೦ರಲ್ಲಿ ಶುರುವಾದದ್ದು. ಅದು ಇಂದಿಗೂ ಔಷಧದ ಕೆಲಸಕ್ಕಾಗಿ ಸರ್ಕಾರದ ಕೈಯಲ್ಲಿದೆ. ಆ ಕಾಲದಲ್ಲಿ ಲಾಭ ತೆಗೆದವರು ಸಾಹೇಬರಾದರು, ಇಂದು ಚೀಲ ಹೊತ್ತವನು ಕೈದಿಯಾಗುತ್ತಾನೆ. ತಪ್ಪು ಮಾಡಿದವನಿಗೆ ಶಿಕ್ಷೆ ಆಗಲಿ. ಆದರೆ ತಪ್ಪು ಮಾಡಿದನೆಂಬುದು ಕಾನೂನು ಹೇಳಿದ ರೀತಿಯಲ್ಲೇ ರುಜುವಾಗಲಿ. ನಾವು ಕೇಳುವುದು ಇಷ್ಟೇ.

ಕಾಯಿದೆ ಏನು ಹೇಳುತ್ತದೆ?

ಈ ಕೇಸುಗಳೆಲ್ಲ ನಡೆಯುವುದು ೧೯೮೫ರ ಮಾದಕ ದ್ರವ್ಯ ಮತ್ತು ಮನೋಪರಿಣಾಮಕ ಪದಾರ್ಥಗಳ ಕಾಯಿದೆಯ ಮೇಲೆ. ವಕೀಲರು ಎನ್.ಡಿ.ಪಿ.ಎಸ್. ಎನ್ನುತ್ತಾರೆ. ಅದೇ ವರ್ಷ ನವೆಂಬರ್ ೧೪ರಿಂದ ಜಾರಿಗೆ ಬಂತು. ೨೦೦೧ರ ತಿದ್ದುಪಡಿಯ ಮೇಲೆ ಶಿಕ್ಷೆಯನ್ನು ತೂಕದ ಮೇಲೆ ಅಳೆಯುತ್ತಾರೆ. ಗಾಂಜಾ ಒಂದು ಕಿಲೋದವರೆಗೆ ಇದ್ದರೆ ‘ಅಲ್ಪ ಪ್ರಮಾಣ’: ಒಂದು ವರ್ಷದವರೆಗೆ ಸಜೆ, ಇಲ್ಲವೆ ಹತ್ತು ಸಾವಿರದವರೆಗೆ ದಂಡ, ಇಲ್ಲವೆ ಎರಡೂ. ಒಂದು ಕಿಲೋ ಮೀರಿ, ಇಪ್ಪತ್ತು ಕಿಲೋಗೆ ಕಡಿಮೆಯಿದ್ದರೆ ಹತ್ತು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ. ಇಪ್ಪತ್ತು ಕಿಲೋ ಮೇಲೆ ‘ವಾಣಿಜ್ಯ ಪ್ರಮಾಣ’: ಹತ್ತು ವರ್ಷಕ್ಕೆ ಕಡಿಮೆಯಿಲ್ಲದೆ ಇಪ್ಪತ್ತು ವರ್ಷದವರೆಗೆ ಸಜೆ, ದಂಡ ಒಂದರಿಂದ ಎರಡು ಲಕ್ಷ. ಹೆರಾಯಿನ್ ಆದರೆ ಐದು ಗ್ರಾಂ ಅಲ್ಪ, ಇನ್ನೂರೈವತ್ತು ಗ್ರಾಂ ವಾಣಿಜ್ಯ.

ಬೇರೆ ಕೇಸಿನಲ್ಲಿ ಎಲ್ಲವನ್ನೂ ಸರ್ಕಾರವೇ ರುಜುಮಾಡಬೇಕು. ಈ ಕಾಯಿದೆಯ ೩೫ ಮತ್ತು ೫೪ನೆಯ ಕಲಮುಗಳು ಆ ಭಾರವನ್ನು ಆರೋಪಿಯ ಮೇಲೆ ಹೊರಿಸುತ್ತವೆ. ಮಾಲು ನಿನ್ನ ವಶದಲ್ಲಿತ್ತು ಎಂದ ಮೇಲೆ, ಅದು ನನಗೆ ಗೊತ್ತಿರಲಿಲ್ಲ ಎಂದು ನೀನೇ ರುಜುಮಾಡು ಎನ್ನುತ್ತವೆ. ವಾಣಿಜ್ಯ ಪ್ರಮಾಣದ ಕೇಸಿನಲ್ಲಿ ೩೭ನೆಯ ಕಲಮು ಜಾಮೀನಿನ ದಾರಿಯನ್ನೂ ಬಹಳ ಕಿರಿದು ಮಾಡುತ್ತದೆ. ಇಷ್ಟು ಕಠಿಣವಾದ ಕಾಯಿದೆಯಾದ್ದರಿಂದಲೇ ಅದರೊಳಗೆ ಕೆಲವು ಕಟ್ಟುಪಾಡುಗಳನ್ನೂ ಇಟ್ಟಿದ್ದಾರೆ. ಶಿಕ್ಷೆ ಎಷ್ಟು ಘೋರವೋ ಕಟ್ಟುಪಾಡನ್ನು ಅಷ್ಟೇ ನಿಷ್ಠೆಯಿಂದ ನಡೆಸಬೇಕೆಂಬುದು ಸುಪ್ರೀಂ ಕೋರ್ಟಿನ ನಿಲುವು. ಅಪೀಲಿನ ಪ್ರಾಣವಿರುವುದು ಇಲ್ಲಿ.

ಆ ಕಟ್ಟುಪಾಡುಗಳು ಯಾವುವು? ಮನೆ, ಅಂಗಡಿ, ಗೋದಾಮನ್ನು ಗುಪ್ತ ಸುದ್ದಿಯ ಮೇಲೆ ಶೋಧಿಸುವ ಅಧಿಕಾರಿ ಆ ಸುದ್ದಿಯನ್ನು ಬರೆದಿಟ್ಟು ಎಪ್ಪತ್ತೆರಡು ಗಂಟೆಯೊಳಗೆ ಮೇಲಧಿಕಾರಿಗೆ ಕಳಿಸಬೇಕು. ಇದು ೪೨ನೆಯ ಕಲಮು. ಮೈಮೇಲೆ ಶೋಧಿಸುವ ಮೊದಲು, “ಗೆಜೆಟೆಡ್ ಅಧಿಕಾರಿಯ ಇಲ್ಲವೆ ಮ್ಯಾಜಿಸ್ಟ್ರೇಟರ ಮುಂದೆ ಶೋಧಿಸಿಕೊಳ್ಳುವ ಹಕ್ಕು ನಿನಗಿದೆ” ಎಂದು ತಿಳಿಸಬೇಕು, ಇದು ೫೦ನೆಯದು. ಮಾಲಿನ ಮಾದರಿಯನ್ನು ಮ್ಯಾಜಿಸ್ಟ್ರೇಟರ ಸಮಕ್ಷಮ ತೆಗೆಯಬೇಕು, ಇದು ೫೨-ಎ. ಮಾಲನ್ನು ಮೊಹರು ಹಾಕಿ ಠಾಣೆಯಲ್ಲಿ ಭದ್ರವಾಗಿಡಬೇಕು, ಇದು ೫೫. ದಸ್ತಗಿರಿ ಮತ್ತು ಜಪ್ತಿಯ ಪೂರ್ತಿ ವರದಿಯನ್ನು ನಲವತ್ತೆಂಟು ಗಂಟೆಯೊಳಗೆ ಮೇಲಧಿಕಾರಿಗೆ ಕೊಡಬೇಕು, ಇದು ೫೭.

ಸಣ್ಣ ವ್ಯಾಪಾರಿಗಳು ೨೫ನೆಯ ಕಲಮನ್ನೂ ನೆನಪಿಡಬೇಕು. ತನ್ನ ಅಂಗಡಿ, ಮಳಿಗೆ, ವಾಹನವನ್ನು ಈ ಅಪರಾಧಕ್ಕೆ ಬಳಸಲು ಬಿಟ್ಟವನಿಗೂ ಶಿಕ್ಷೆ ಉಂಟು. ಆದರೆ ಕಲಮಿನಲ್ಲಿ ಇರುವ ಮಾತು ‘ತಿಳಿದೂ ಬಿಟ್ಟವನು’ ಎಂದು. ಬಾಡಿಗೆಗೆ ಕೊಟ್ಟ ಗೋದಾಮಿನಲ್ಲಿ ಏನಿತ್ತೆಂದು ಒಡೆಯನಿಗೆ ಗೊತ್ತಿತ್ತೇ ಎಂಬುದೇ ಅಂತಹ ಕೇಸಿನ ತಿರುಳು. ಬಾಡಿಗೆ ಕರಾರನ್ನು ಬರಹದಲ್ಲಿ ಇಟ್ಟುಕೊಳ್ಳದ ವ್ಯಾಪಾರಿಗೆ ಅದನ್ನು ತೋರಿಸುವುದು ಕಷ್ಟ.

ಹನ್ನೊಂದು ವರ್ಷದ ಒಂದು ಕೇಸು

ಅಪೀಲಿನಿಂದ ಏನಾಗುತ್ತದೆ ಎನ್ನುವವರಿಗೆ ಒಂದು ನಿಜ ಮೊಕದ್ದಮೆಯನ್ನು ಹೇಳುತ್ತೇನೆ. ಕಾನೂನಿನ ಪುಸ್ತಕಗಳಲ್ಲಿ ಅದರ ಹೆಸರು ನೂರ್ ಆಗಾ ಮೊಕದ್ದಮೆ. ೧೯೯೭ರ ಆಗಸ್ಟಿನಲ್ಲಿ ಅಮೃತಸರದ ವಿಮಾನ ನಿಲ್ದಾಣದಲ್ಲಿ ಅಫಘಾನಿಸ್ತಾನದ ಒಬ್ಬನನ್ನು ಸುಂಕದ ಅಧಿಕಾರಿಗಳು ಹಿಡಿದರು. ಅವನ ಬಳಿ ದ್ರಾಕ್ಷಿ ತುಂಬಿದ ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯ ಗೋಡೆಯೊಳಗೆ ೧.೪ ಕಿಲೋ ಹೆರಾಯಿನ್ ಸಿಕ್ಕಿತೆಂದು ಕೇಸು. ಕೆಳಗಿನ ನ್ಯಾಯಾಲಯ ೨೦೦೦ದಲ್ಲಿ ಶಿಕ್ಷೆ ಕೊಟ್ಟಿತು. ಹೈಕೋರ್ಟು ೨೦೦೬ರಲ್ಲಿ ಅದನ್ನೇ ಎತ್ತಿಹಿಡಿಯಿತು. ಪರದೇಶಿ, ಭಾಷೆ ಬಾರದವನು, ಎರಡು ಕೋರ್ಟಿನಲ್ಲೂ ಸೋತವನು. ನಮ್ಮ ಚಹದಂಗಡಿಯ ಲೆಕ್ಕದಲ್ಲಿ ಅವನ ಕಥೆ ಮುಗಿದೇ ಹೋಗಿತ್ತು.

೨೦೦೮ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಅವನ ಅಪೀಲನ್ನು ಒಪ್ಪಿ ಶಿಕ್ಷೆಯನ್ನು ತೆಗೆದುಹಾಕಿತು. ಯಾಕೆ? ಹಿಡಿದೆವೆಂದು ಹೇಳಿದ ಮಾಲನ್ನೇ ಕೋರ್ಟಿಗೆ ತಂದು ತೋರಿಸಿರಲಿಲ್ಲ. ಆ ರಟ್ಟಿನ ಪೆಟ್ಟಿಗೆಯನ್ನೂ ತಂದಿರಲಿಲ್ಲ. ಮಾದರಿಯ ಬಣ್ಣ ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು. ಸ್ವತಂತ್ರ ಪಂಚರನ್ನು ಸಾಕ್ಷಿಕಟ್ಟೆಗೆ ಕರೆಸಿರಲಿಲ್ಲ. ಕಾಯಿದೆಯ ೩೫, ೫೪ನೆಯ ಕಲಮುಗಳು ಸಂವಿಧಾನಬದ್ಧವೇ ಹೌದು, ಆದರೆ ಮಾಲು ಆರೋಪಿಯ ವಶದಲ್ಲಿತ್ತೆಂಬ ಬುನಾದಿಯನ್ನು ಮೊದಲು ಸರ್ಕಾರವೇ ರುಜುಮಾಡಬೇಕು, ಅದಾದ ಮೇಲೆಯೇ ಆರೋಪಿಯ ಮೇಲೆ ಭಾರ ಬೀಳುವುದು ಎಂದು ಕೋರ್ಟು ಹೇಳಿತು. ಇಂದು ದೇಶದ ಎಲ್ಲ ಗಾಂಜಾ ಕೇಸಿನಲ್ಲೂ ಈ ಮಾತು ಬಳಕೆಗೆ ಬರುತ್ತದೆ. ಒಬ್ಬ ಪರದೇಶಿ ಬಿಡದೆ ಮೆಟ್ಟಿಲು ಹತ್ತಿದ್ದರಿಂದ ನಮ್ಮ ಹಮಾಲರ ಮಗನಿಗೂ ಒಂದು ಆಧಾರ ಸಿಕ್ಕಿತು. ಹನ್ನೊಂದು ವರ್ಷ ಹಿಡಿಯಿತು ಎಂಬುದು ಬೇರೆಯೇ ಒಂದು ಅನ್ಯಾಯ.

ಇಂತಹ ತೀರ್ಪುಗಳು ಇನ್ನೂ ಇವೆ. ೧೯೯೯ರ ಬಲದೇವ್ ಸಿಂಗ್ ಮೊಕದ್ದಮೆಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ೨೦೧೦ರಲ್ಲಿ ಇನ್ನೊಂದು ಐವರ ಪೀಠ, ಮೈಶೋಧನೆಗೆ ಮೊದಲು ಹಕ್ಕನ್ನು ತಿಳಿಸಲೇಬೇಕೆಂದು ಹೇಳಿದವು. ೨೦೨೦ರ ತೂಫಾನ್ ಸಿಂಗ್ ಮೊಕದ್ದಮೆಯಲ್ಲಿ, ಈ ಕಾಯಿದೆಯ ತನಿಖಾಧಿಕಾರಿಗಳೂ ಪೊಲೀಸರೇ, ಅವರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗದು ಎಂದಾಯಿತು. ಮ್ಯಾಜಿಸ್ಟ್ರೇಟರಿಲ್ಲದೆ ಸ್ಥಳದಲ್ಲೇ ಮಾದರಿ ತೆಗೆದದ್ದಕ್ಕಾಗಿ ೨೦೨೩ರಲ್ಲಿ ಪಂಜಾಬಿನ ಒಂದು ಕೇಸಿನಲ್ಲಿ ಶಿಕ್ಷೆ ರದ್ದಾಯಿತು.

ಆದರೆ ಬಂಧುಗಳೇ, ಸುಳ್ಳು ಆಸೆ ಹುಟ್ಟಿಸುವುದು ನನ್ನ ಕೆಲಸವಲ್ಲ. ವಿರುದ್ಧವಾದ ತೀರ್ಪುಗಳೂ ಇವೆ. ೫೦ನೆಯ ಕಲಮು ಮೈಶೋಧನೆಗೆ ಮಾತ್ರ, ಕೈಯಲ್ಲಿ ಹಿಡಿದ ಚೀಲಕ್ಕೆ ಅನ್ವಯಿಸದು ಎಂದು ೨೦೦೫ರಲ್ಲೂ ೨೦೨೩ರಲ್ಲೂ ಸುಪ್ರೀಂ ಕೋರ್ಟೇ ಹೇಳಿದೆ. ಬೆರಕೆ ಮಾಲಿನಲ್ಲಿ ಬೆರಕೆಯ ತೂಕವೂ ಸೇರುತ್ತದೆಂದು ೨೦೨೦ರಲ್ಲಿ ಹೇಳಿದೆ. ದೂರು ಕೊಟ್ಟ ಅಧಿಕಾರಿಯೇ ತನಿಖೆ ಮಾಡಿದ ಎಂಬ ಒಂದೇ ಕಾರಣಕ್ಕೆ ಬಿಡುಗಡೆಯಿಲ್ಲ ಎಂದೂ ಅದೇ ವರ್ಷ ಹೇಳಿತು. ೫೨-ಎ ತಪ್ಪಿದ ಮಾತ್ರಕ್ಕೆ ಕೇಸು ಬೀಳುವುದಿಲ್ಲ, ಉಳಿದ ಸಾಕ್ಷ್ಯ ನಂಬುವಂತಿದೆಯೇ ನೋಡಬೇಕು ಎಂದು ೨೦೨೫ರ ಜನವರಿಯಲ್ಲಿ ಹೇಳಿದೆ. ಒಂದು ತಪ್ಪು ಸಿಕ್ಕಿದೊಡನೆ ಬಾಗಿಲು ತೆರೆಯುವುದಿಲ್ಲ. ಪಂಚನಾಮೆ, ಮಾಲಿನ ರಿಜಿಸ್ಟರು, ಪ್ರಯೋಗಶಾಲೆಯ ವರದಿ, ಸಾಕ್ಷಿಗಳ ಹೇಳಿಕೆ ಎಲ್ಲವನ್ನೂ ಪಕ್ಕಪಕ್ಕದಲ್ಲಿಟ್ಟು, ಗುಮಾಸ್ತೆ ಖಾತೆ ತಾಳೆ ನೋಡಿದ ಹಾಗೆ ನೋಡಬೇಕು.

ನಮ್ಮ ಹುಡುಗನ ತೀರ್ಪಿನಲ್ಲೇ ನೋಡಿ. ಪಂಚರಲ್ಲಿ ಒಬ್ಬ, ನಾನು ಅಲ್ಲಿರಲೇ ಇಲ್ಲ ಎಂದಿದ್ದಾನೆ. ಮಾದರಿ ಪ್ರಯೋಗಶಾಲೆಗೆ ಹೋದದ್ದು ಇಪ್ಪತ್ತಮೂರು ದಿನದ ಮೇಲೆ. ಅಷ್ಟು ದಿನ ಎಲ್ಲಿತ್ತು ಎಂಬುದಕ್ಕೆ ರಿಜಿಸ್ಟರು ಹಾಜರಾಗಿಲ್ಲ. ಕಾಯಿದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಇಲ್ಲವೆ ಕಾಯಿ ಬಿಟ್ಟ ತುದಿ. ತುದಿಯ ಜೊತೆಗಿಲ್ಲದ ಎಲೆ, ಬೀಜ ಗಾಂಜಾ ಅಲ್ಲ. ಚೀಲದಲ್ಲಿದ್ದದ್ದು ಯಾವುದು ಎಷ್ಟು ಎಂದು ಪಂಚನಾಮೆಯಲ್ಲಿ ಬಿಡಿಸಿ ಹೇಳಿಲ್ಲ. ಇವು ಗೆಲ್ಲುವ ಅಂಶಗಳೋ ಸೋಲುವ ಅಂಶಗಳೋ ನಾನು ಹೇಳಲಾರೆ. ಆದರೆ ಮೇಲಿನ ಕೋರ್ಟು ಕೇಳಬೇಕಾದ ಅಂಶಗಳು. ಹಮಾಲರ ಮಗನೆಂದು ಅವು ಕೇಳದೆಯೇ ಸತ್ತುಹೋಗಬೇಕೇ?

ಅಪೀಲಿನ ದಾರಿ

೨೦೨೪ರ ಜುಲೈ ಒಂದರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹೆಸರು ಬದಲಾಯಿತು, ಕಲಮಿನ ಅಂಕಿ ಬದಲಾಯಿತು. ಅಪೀಲಿನ ಹಕ್ಕು ಹೋಗಿಲ್ಲ. ಅದು ಈಗ ೪೧೫ನೆಯ ಕಲಮಿನಲ್ಲಿದೆ.

ಎಲ್ಲಿಗೆ ಹೋಗಬೇಕು? ಅಲ್ಪ ಪ್ರಮಾಣದ ಕೇಸಿನಲ್ಲಿ ಮ್ಯಾಜಿಸ್ಟ್ರೇಟರು ಶಿಕ್ಷೆ ಕೊಟ್ಟಿದ್ದರೆ ಸೆಷನ್ಸ್ ಕೋರ್ಟಿಗೆ, ಮೂವತ್ತು ದಿನದೊಳಗೆ. ದೊಡ್ಡ ಪ್ರಮಾಣದ ಕೇಸಿನಲ್ಲಿ ವಿಶೇಷ ನ್ಯಾಯಾಲಯ ಶಿಕ್ಷೆ ಕೊಟ್ಟಿದ್ದರೆ ಹೈಕೋರ್ಟಿಗೆ, ಅರವತ್ತು ದಿನದೊಳಗೆ. ಉತ್ತರದ ಜಿಲ್ಲೆಗಳವರು ಬೆಂಗಳೂರಿಗೆ ಓಡಬೇಕಾಗಿಲ್ಲ. ಧಾರವಾಡ ಮತ್ತು ಕಲಬುರಗಿಯಲ್ಲಿ ೨೦೦೮ರಿಂದ ಹೈಕೋರ್ಟಿನ ಪೀಠಗಳಿವೆ. ತೀರ್ಪಿನ ನಕಲಿಗೆ ಅರ್ಜಿ ಹಾಕಿ ಅದು ಕೈಗೆ ಬರುವವರೆಗಿನ ದಿನಗಳನ್ನು ಅವಧಿಯಿಂದ ಕಳೆಯುತ್ತಾರೆ. ಅವಧಿ ಮೀರಿದ್ದರೂ, ತಡವಾದದ್ದಕ್ಕೆ ಸಾಕಷ್ಟು ಕಾರಣವಿದ್ದರೆ ಕಾಲಮಿತಿ ಕಾಯಿದೆಯ ಐದನೆಯ ಕಲಮಿನಂತೆ ವಿಳಂಬವನ್ನು ಮನ್ನಿಸಲು ಕೇಳಬಹುದು. ಆದ್ದರಿಂದ ದಿನ ಮೀರಿತೆಂದು ಕೈಚೆಲ್ಲಬೇಡಿ. ಹಾಗೆಂದು ದಿನ ಮೀರಿಸಲೂ ಬೇಡಿ.

ಹಣ? ಶಿಕ್ಷೆಯಾದವನಿಗೆ ತೀರ್ಪಿನ ಒಂದು ನಕಲನ್ನು ಪುಕ್ಕಟೆಯಾಗಿ ಕೊಡಬೇಕು. ಸೆರೆಮನೆಯಲ್ಲಿರುವವನು ಅಪೀಲು ಅರ್ಜಿಯನ್ನೂ ನಕಲನ್ನೂ ಸೆರೆಮನೆಯ ಅಧಿಕಾರಿಯ ಕೈಗೇ ಕೊಡಬಹುದು. ಅವರು ಅದನ್ನು ಕೋರ್ಟಿಗೆ ಕಳಿಸಬೇಕು. ಇದು ೪೨೪ನೆಯ ಕಲಮು. ಈ ವಿಷಯದಲ್ಲಿ ೧೯೭೮ರ ಹೋಸಕೋಟ್ ಮೊಕದ್ದಮೆ ದಾರಿದೀಪ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿನಲ್ಲಿ ಖೊಟ್ಟಿ ಮೊಹರು ಮಾಡಿಸಲು ಹೋದನೆಂಬ ಕೇಸು ಅದು. ಆರೋಪಿಗೆ ಹೈಕೋರ್ಟಿನ ತೀರ್ಪಿನ ನಕಲು ಸಿಕ್ಕಿದ್ದು ವರ್ಷಗಳ ಮೇಲೆ. ೧೯೫೭ರ ಕೇರಳದ ಮಂತ್ರಿಮಂಡಲದಲ್ಲಿದ್ದು, ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ಕೃಷ್ಣ ಅಯ್ಯರ್ ಅವರು ಆ ಅರ್ಜಿಯನ್ನು ವಜಾ ಮಾಡಿದರು. ಆದರೆ ವಜಾ ಮಾಡುತ್ತಲೇ, ನಕಲನ್ನು ಕೈದಿಗೆ ಬೇಗ ಮುಟ್ಟಿಸಿ ಸಹಿ ಪಡೆಯಬೇಕು, ಅಪೀಲು ಹಾಕಲು ಸೆರೆಮನೆಯಲ್ಲಿ ಅನುಕೂಲ ಮಾಡಿಕೊಡಬೇಕು, ಬಡವನಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕು ಎಂದು ಬರೆದರು. ಒಂದು ಸಲದ ಅಪೀಲು ಭಿಕ್ಷೆಯಲ್ಲ, ನ್ಯಾಯವಾದ ವಿಚಾರಣೆಯ ಒಂದು ಭಾಗ ಎಂಬುದು ಅದರ ತಾತ್ಪರ್ಯ.

೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ೧೨ನೆಯ ಕಲಮನ್ನು ಮಿಲ್ಲಿನ ಬಂಧುಗಳು ಗೋಡೆಗೆ ಅಂಟಿಸಿಕೊಳ್ಳಬೇಕು. ಪುಕ್ಕಟೆ ವಕೀಲರಿಗೆ ಹಕ್ಕುಳ್ಳವರ ಪಟ್ಟಿಯಲ್ಲಿ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈದಿಗಳು ಇದ್ದಾರೆ. ಅದೇ ಪಟ್ಟಿಯಲ್ಲಿ ಇನ್ನೊಂದು ಹೆಸರಿದೆ: ಕೈಗಾರಿಕಾ ಕಾರ್ಮಿಕ. ಅದು ನೀವು. ಕಡಿಮೆ ವರಮಾನದ ಸಣ್ಣ ವ್ಯಾಪಾರಿಗೂ ವರಮಾನದ ಮಿತಿಯೊಳಗೆ ಅವಕಾಶವುಂಟು. ಜಿಲ್ಲಾ ನ್ಯಾಯಾಲಯದಲ್ಲೇ ಪ್ರಾಧಿಕಾರದ ಕಚೇರಿಯಿದೆ. ಹೈಕೋರ್ಟಿಗೆ ಬೇರೆ ಸಮಿತಿಯಿದೆ. ೧೫೧೦೦ ಎಂಬ ಅಂಕಿಗೆ ಪುಕ್ಕಟೆ ಫೋನು ಮಾಡಿಯೂ ಕೇಳಬಹುದು.

ಅಪೀಲು ಹಾಕಿದರೆ ಶಿಕ್ಷೆ ಹೆಚ್ಚುತ್ತದೆಯೇ? ಇಲ್ಲ. ಶಿಕ್ಷೆಯಾದವನು ತಾನೇ ಹಾಕಿದ ಅಪೀಲಿನಲ್ಲಿ ಕೋರ್ಟು ಅವನನ್ನು ಬಿಡಬಹುದು, ಮರುವಿಚಾರಣೆಗೆ ಕಳಿಸಬಹುದು, ಶಿಕ್ಷೆ ಇಳಿಸಬಹುದು, ಇದ್ದಂತೆ ಇಡಬಹುದು; ಹೆಚ್ಚಿಸುವಂತಿಲ್ಲ. ಹೆಚ್ಚಿಸಬೇಕೆಂದರೆ ಸರ್ಕಾರ ತಾನು ಬೇರೆ ಅಪೀಲು ಹಾಕಬೇಕು. ಕೋರ್ಟಿನ ಬಳಿ ಹಮಾಲರನ್ನು ಹೆದರಿಸಿದವನು ಅರಿಯದೆ ಹೇಳಿದನೋ ಅರಿತೇ ಹೇಳಿದನೋ ನನಗೆ ತಿಳಿಯದು.

ಅಪೀಲಿನ ಜೊತೆಗೇ ಸಜೆಯನ್ನು ಅಮಾನತ್ತಿನಲ್ಲಿಡಲು ಅರ್ಜಿ ಹಾಕಬೇಕು. ಇದು ಮುಖ್ಯ. ಹೈಕೋರ್ಟಿನಲ್ಲಿ ಅಪೀಲು ಕೂಗಲು ವರ್ಷಗಳಾಗಬಹುದು. ಐದು ವರ್ಷ ಸಜೆ ಮುಗಿಸಿ ಬಂದ ಮೇಲೆ ‘ನೀನು ನಿರ್ದೋಷಿ’ ಎಂದರೆ ಹೋದ ಪ್ರಾಯ ಮರಳಿ ಬರುತ್ತದೆಯೇ? ಈ ಕಾಯಿದೆಯ ೩೨-ಎ ಕಲಮು ಸಜೆಯ ಅಮಾನತ್ತನ್ನೇ ನಿಷೇಧಿಸಿತ್ತು. ೨೦೦೦ದಲ್ಲಿ ಸುಪ್ರೀಂ ಕೋರ್ಟು, ಕೋರ್ಟಿನ ಆ ಅಧಿಕಾರವನ್ನು ಕಿತ್ತುಕೊಳ್ಳುವಷ್ಟರ ಮಟ್ಟಿಗೆ ಅದು ಸಂವಿಧಾನಕ್ಕೆ ವಿರುದ್ಧ ಎಂದಿತು. ವಾಣಿಜ್ಯ ಪ್ರಮಾಣದ ಕೇಸಿನಲ್ಲಿ ಇಂದಿಗೂ ೩೭ನೆಯ ಕಲಮಿನ ಅಡ್ಡಿಯಿದೆ. ಆರೂವರೆ ಕಿಲೋದಂತಹ ಕೇಸಿಗೆ ಆ ಅಡ್ಡಿಯಿಲ್ಲ. ಜಾಮೀನಿನ ಮೇಲಿದ್ದವನಿಗೆ ಮೂರು ವರ್ಷಕ್ಕೆ ಮೀರದ ಸಜೆಯಾದರೆ, ಅಪೀಲು ಹಾಕುತ್ತೇನೆಂದು ಹೇಳಿ ಶಿಕ್ಷೆ ಕೊಟ್ಟ ಕೋರ್ಟಿನಲ್ಲೇ ಆ ಅವಧಿಗೆ ಜಾಮೀನು ಕೇಳಬಹುದು. ವಿಚಾರಣೆಯ ಕಾಲದಲ್ಲಿ ಸೆರೆಯಲ್ಲಿ ಕಳೆದ ದಿನಗಳನ್ನು ಸಜೆಯಿಂದ ಕಳೆಯುತ್ತಾರೆ ಎಂಬುದನ್ನೂ ಮರೆಯಬೇಡಿ.

ಒಂದು ಎಚ್ಚರಿಕೆ. “ತಪ್ಪಾಯಿತೆಂದು ಒಪ್ಪಿಕೋ, ದಂಡ ಕಟ್ಟಿ ಸಂಜೆಗೆ ಮನೆಗೆ ಹೋಗು” ಎಂದು ಸಣ್ಣ ಕೇಸಿನವರಿಗೆ ಬುದ್ಧಿ ಹೇಳುವವರಿದ್ದಾರೆ. ತಪ್ಪೊಪ್ಪಿಕೊಂಡು ಶಿಕ್ಷೆಯಾದರೆ, ಶಿಕ್ಷೆ ಹೆಚ್ಚಾಯಿತು ಇಲ್ಲವೆ ಕಾನೂನಿಗೆ ಸರಿಯಿಲ್ಲ ಎಂದು ಮಾತ್ರ ಅಪೀಲು ಹಾಕಬಹುದು. ನಾನು ತಪ್ಪು ಮಾಡಿಲ್ಲವೆಂದು ಹಾಕುವ ಹಕ್ಕು ಹೋಗುತ್ತದೆ. ಸಂಜೆಯ ಬಸ್ಸಿನ ಆಸೆಗೆ ಜೀವಮಾನದ ಕಳಂಕವನ್ನು ಕೊಳ್ಳಬೇಡಿ.

ಕೊನೆಯದಾಗಿ ಭಾಷೆಯ ಮಾತು. ಸಾಕ್ಷಿ ಕನ್ನಡದಲ್ಲಿ ನುಡಿಯುತ್ತಾನೆ, ಪಂಚನಾಮೆ ಕನ್ನಡದಲ್ಲಿದೆ, ಸೆರೆಯಲ್ಲಿರುವವನು ಕನ್ನಡಿಗ. ಆದರೆ ಸಂವಿಧಾನದ ೩೪೮ನೆಯ ವಿಧಿಯಂತೆ ನಮ್ಮ ಹೈಕೋರ್ಟಿನ ಕಲಾಪ, ತೀರ್ಪು ಇಂಗ್ಲಿಷಿನಲ್ಲಿ. ಬಿಹಾರ, ಉತ್ತರಪ್ರದೇಶ, ಮಧ್ಯಪ್ರದೇಶ, ರಾಜಸ್ಥಾನದ ಹೈಕೋರ್ಟುಗಳಲ್ಲಿ ಹಿಂದಿಗೆ ಅವಕಾಶ ಕೊಟ್ಟಿದ್ದಾರೆ; ಕನ್ನಡಕ್ಕೆ ಇಲ್ಲ. ತನ್ನ ಮೇಲೆ ಏನು ತೀರ್ಪಾಯಿತೆಂದು ತಿಳಿಯಲು ಒಬ್ಬ ಹಮಾಲರು ಮೆಟ್ರಿಕ್ ಓದಿದ ಮೇಷ್ಟ್ರ ಬಳಿ ಪ್ಲಾಸ್ಟಿಕ್ ಚೀಲ ಹಿಡಿದು ಬರಬೇಕಾದ ಸ್ಥಿತಿ ಯಾವ ಪ್ರಜಾರಾಜ್ಯಕ್ಕೂ ಶೋಭೆಯಲ್ಲ.

ನಾವು ಮಾಡಬೇಕಾದದ್ದು

ಸಂಘದ ಮುಂದಿನ ಸಭೆಯಲ್ಲಿ ನಾನು ಮೂರು ಮಾತು ಇಡುತ್ತೇನೆ. ಒಂದು: ನಮ್ಮ ಸದಸ್ಯರ, ಅವರ ಮಕ್ಕಳ ಯಾವ ಕೇಸೇ ಆಗಲಿ, ತೀರ್ಪಿನ ದಿನ ಸಂಘದ ಒಬ್ಬರು ಕೋರ್ಟಿಗೆ ಹೋಗಿ ತಾರೀಖನ್ನು ಪುಸ್ತಕದಲ್ಲಿ ಬರೆಯಬೇಕು; ಮೂವತ್ತನೆಯ ದಿನಕ್ಕೂ ಅರವತ್ತನೆಯ ದಿನಕ್ಕೂ ಕೆಂಪು ಗೆರೆ ಎಳೆಯಬೇಕು. ಎರಡು: ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಬರೆದುಕೊಡುವ ಕೆಲಸವನ್ನು ಕಚೇರಿಯಲ್ಲಿ ವಾರಕ್ಕೊಂದು ಸಂಜೆ ನಡೆಸಬೇಕು. ಮೂರು: ಜಾಮೀನು ನಿಲ್ಲಲು ಆಸ್ತಿಯ ಕಾಗದ ಉಳ್ಳವರು ನಮ್ಮಲ್ಲಿ ವ್ಯಾಪಾರಿ ಬಂಧುಗಳು. ಯೋಗ್ಯ ಕೇಸನ್ನು ವಿಚಾರಿಸಿ ನೋಡಿ, ಮುಂದೆ ಬರಬೇಕು. ಹುಡುಗ ಓಡಿಹೋದರೆ ಹಣ ಕಟ್ಟಬೇಕಾದೀತೆಂಬ ಅಳುಕು ನನಗೆ ಅರ್ಥವಾಗುತ್ತದೆ. ಆದರೆ ಇಂದು ಹಮಾಲರ ಮಗನಿಗೆ ಬಂದದ್ದು, ಗೋದಾಮು ಬಾಡಿಗೆಗೆ ಕೊಟ್ಟ ವ್ಯಾಪಾರಿಗೆ ನಾಳ��� ಬಾರದೆಂದು ಹೇಳುವವರು ಯಾರು?

ಸರ್ಕಾರದಿಂದಲೂ ಕೇಳೋಣ. ಪ್ರತಿ ಕೋರ್ಟಿನ ಬಾಗಿಲಲ್ಲಿ, ಪ್ರತಿ ಸೆರೆಮನೆಯ ಗೇಟಿನಲ್ಲಿ, ‘ಅಪೀಲಿಗೆ ಇಷ್ಟು ದಿನ, ವಕೀಲರು ಪುಕ್ಕಟೆ’ ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಬರೆಸಲಿ. ಪುಕ್ಕಟೆ ವಕೀಲರಿಗೆ ಹೊಟ್ಟೆ ತುಂಬುವ ಸಂಭಾವನೆ ಕೊಡಲಿ. ಅರೆಹೊಟ್ಟೆಯ ವಕೀಲಿ ಅರೆ ವಕೀಲಿಯೇ ಆದೀತು.

ಹಮಾಲರ ಕೇಸು ಏನಾಯಿತೆಂದು ಕೇಳುತ್ತೀರಿ. ಮರುದಿನವೇ ಪ್ರಾಧಿಕಾರದ ಕಚೇರಿಗೆ ಹೋದೆವು. ಮಗ ಸೆರೆಯಲ್ಲಿ, ತಂದೆಗೆ ಅಕ್ಷರ ಬಾರದು, ಅವಧಿಯ ವಿಷಯ ಯಾರೂ ಹೇಳಲಿಲ್ಲ ಎಂದು ವಿಳಂಬ ಮನ್ನಿಸುವ ಅರ್ಜಿಗೆ ಪ್ರಮಾಣಪತ್ರ ಸಿದ್ಧವಾಯಿತು. ಹೈಕೋರ್ಟಿನಲ್ಲಿ ಒಬ್ಬ ವಕೀಲರನ್ನು ಕೊಟ್ಟಿದ್ದಾರೆ. ಅರ್ಜಿ ಇನ್ನೂ ಕೂಗಿಲ್ಲ. ಗೆಲ್ಲುತ್ತದೋ ಸೋಲುತ್ತದೋ ತಿಳಿಯದು.

ಮೊನ್ನೆ ಹಮಾಲರು ಮತ್ತೆ ಬಂದಿದ್ದರು. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ, ಒಳಗೆ ಬಂದು ಬೆಂಚಿನ ಮೇಲೆ ಕುಳಿತರು. “ಮೇಷ್ಟ್ರೇ, ನಮ್ಮ ಗಿರಣಿಯಲ್ಲೇ ಇನ್ನೊಬ್ಬನ ತಮ್ಮನಿಗೆ ಹೋದ ಸೋಮವಾರ ಶಿಕ್ಷೆ ಆಯ್ತು. ಅವನಿಗೆ ಅರವತ್ತು ದಿನದ ಮಾತು ನಾನೇ ಹೇಳಿ ಬಂದೆ” ಎಂದರು. ಅಕ್ಷರ ಬಾರದವರು ಒಬ್ಬರಿಗೆ ಹೇಳಿದರು. ಅಕ್ಷರ ಬಲ್ಲ ನಾವು ಹತ್ತು ಜನಕ್ಕೆ ಹೇಳೋಣ.